‘ಎಲೀಟ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ಮಂಗಳೂರಿನಿಂದ:

ನಮಸ್ಕಾರ. ಕಾಲೇಜಿನ ವಸ್ತುಪ್ರದರ್ಶನಕ್ಕಾಗಿ ಇಂಡೋನೇಷ್ಯಾದ ಕುರಿತ ಆರು ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಐದು ಮುಗಿದಿವೆ. ಆರನೆಯದರ ಸಾರ ಇದು: 1998ರ ಮೇ 21ರಂದು ಅಧ್ಯಕ್ಷ ಸುಹಾರ್ತೋ ಅಧಿಕಾರ ಬಿಟ್ಟಿಳಿದರು, 1999ರಿಂದ 2002ರೊಳಗೆ ಸಂವಿಧಾನಕ್ಕೆ ನಾಲ್ಕು ಬಾರಿ ತಿದ್ದುಪಡಿಯಾಯಿತು, 2004ರಲ್ಲಿ ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸಿದರು. ಇಷ್ಟಾದರೂ ಹಳೆಯ ‘ಎಲೀಟ್’, ಅಂದರೆ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡಿದ್ದ ಕೆಲವರ ಗುಂಪು, ಹೊಸ ಪಕ್ಷಗಳೊಳಗೆ ಸೇರಿಕೊಂಡಿತು.

ಇದಕ್ಕೆ ‘ಗಣ್ಯರು’ ಎಂದು ಹಾಕಿದ್ದೆ. ಹಂಪನಕಟ್ಟೆಯ ಫ್ಲೆಕ್ಸ್ ಅಂಗಡಿಯಲ್ಲಿ ಅಕ್ಷರ ಜೋಡಿಸುವ ಹುಡುಗ ಓದಿ, ‘ಮೇಡಂ, ಗಣ್ಯರ ಹೆಸರು ಕೊಟ್ಟೇ ಇಲ್ಲವಲ್ಲ’ ಎಂದ. ಆಮಂತ್ರಣವೆಂದು ತಿಳಿದಿದ್ದ. ಆ ಪದವನ್ನು ಅಲ್ಲಿಯೇ ಅಳಿಸಿದೆ. ನಾಳೆ ಸಂಜೆ ಮುದ್ರಣ.

ಮಣಿಪಾಲದಿಂದ:

‘ಮೇಲ್ಗುಂಪು’ ಎಂದು ಬರೆಯಿರಿ. ‘ಗಣ್ಯ’, ‘ಪ್ರತಿಷ್ಠಿತ’, ‘ಶ್ರೇಷ್ಠವರ್ಗ’ ಎಲ್ಲವೂ ಸಂಸ್ಕೃತದ ಎರವಲು. ಎರವಲು ಸಾಕು.

ಉಡುಪಿಯಿಂದ:

‘ಮೇಲ್ಗುಂಪು’ ನಡೆಯುವುದಿಲ್ಲ. ಯಾರ ಬಾಯಲ್ಲೂ ಇಲ್ಲ.

‘ಗಣ್ಯ’ವೂ ಬೇಡ ತಂಗಿ, ಆದರೆ ಕಾರಣ ಬೇರೆ. ಗಣ್ ಧಾತುವಿಗೆ ಎಣಿಸುವ ಅರ್ಥ. ಎಣಿಕೆಗೆ ಬರುವವನು ಗಣ್ಯ, ಬಾರದವನು ನಗಣ್ಯ. ಪ್ರತಿಯೊಬ್ಬರ ಮತವನ್ನೂ ಎಣಿಸುವ ವ್ಯವಸ್ಥೆಯಲ್ಲಿ ಕೆಲವರನ್ನಷ್ಟೇ ಗಣ್ಯರೆಂದರೆ, ಉಳಿದವರು ನಗಣ್ಯರೆಂದು ನಾವೇ ಫಲಕ ಬರೆದು ನಿಲ್ಲಿಸಿದ ಹಾಗೆ.

ನಿಮಗೆ ಬೇಕಾದದ್ದು ‘ಪಟ್ಟಭದ್ರರು’. ಪತ್ರಿಕೆಗಳು ‘ಪಟ್ಟಭದ್ರ ಹಿತಾಸಕ್ತಿ’ ಎಂದು ಬರೆಯುತ್ತಲೇ ಇರುತ್ತವೆ. ಹಿತಾಸಕ್ತಿಯನ್ನು ಬಿಟ್ಟು ಮನುಷ್ಯರನ್ನು ಹಿಡಿಯಿರಿ. ‘ಉಳ್ಳವರು’ ಸಾಲದು, ನಿಮ್ಮ ಫಲಕದವರು ಬರೀ ಹಣವಂತರಲ್ಲ. ಸುಹಾರ್ತೋ ಅವರ ಅಳಿಯನಾಗಿದ್ದ ಸೇನಾಧಿಕಾರಿ ಪ್ರಬೋವೊ 2024ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಗೆದ್ದರು. ಜೊತೆಯಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಗೆದ್ದವರು ಆಗ ಅಧ್ಯಕ್ಷರಾಗಿದ್ದವರ ಮಗ. ಇಬ್ಬರೂ ಮತ ಎಣಿಸಿಯೇ ಬಂದವರು. ಪಟ್ಟ ಭದ್ರವಾಗಿದೆ ಎನ್ನದೆ ಇನ್ನೇನನ್ನುವುದು?

ಈ ಕತೆ ನನಗೆ ದೂರದ್ದಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ನನ್ನ ತಂದೆ, ಗೇಣಿಗೆ ಉಳುವ ಗದ್ದೆ ತಮಗೆ ಸಿಗಬೇಕೆಂದು ಡಿಕ್ಲರೇಶನ್ ಕೊಟ್ಟರು. ಗೇಣಿಯ ಅಕ್ಕಿಮುಡಿ ಹೊರುವುದು ನಿಂತಿತು, ಗದ್ದೆ ಅವರ ಹೆಸರಿಗಾಯಿತು. ಆಮೇಲೂ ಧಣಿಗಳ ಮನೆಗೆ ಹೋದರೆ ಚಾವಡಿ ಹತ್ತುತ್ತಿರಲಿಲ್ಲ. ಹೆಗಲ ಬೈರಾಸನ್ನು ಕಂಕುಳಿಗಿಳಿಸಿ ಅಂಗಳದಲ್ಲೇ ನಿಲ್ಲುತ್ತಿದ್ದರು. 1987ರಲ್ಲಿ ಮಂಡಲ ಪಂಚಾಯತಿಗೆ ಚುನಾವಣೆ ನಡೆದಾಗ ಯಾರಿಗೆ ಮತ ಹಾಕಬೇಕೆಂದು ಅದೇ ಅಂಗಳದಲ್ಲಿ ನಿಂತು ಕೇಳಿಕೊಂಡು ಬಂದರು. ನನಗೆ ಅದು ಇಂದಿಗೂ ನೋಯುತ್ತದೆ.

ಇನ್ನು ಎರವಲು ಸಾಕು ಎಂದವರಿಗೆ. ಇಂಡೋನೇಷ್ಯಾದ ಸಂಸತ್ತಿನ ಹೆಸರು ‘ದೇವಾನ್ ಪರ್ವಾಕಿಲಾನ್ ರಕ್ಯಾತ್’. ಅದರೊಳಗೆ ನಮ್ಮ ದಿವಾನ, ವಕೀಲ, ರೈತ ಮೂವರೂ ಕೂತಿದ್ದಾರೆ. ಅರಬ್ಬಿ, ಪಾರಸಿಗಳಿಂದ ಹೊರಟ ಪದಗಳು ಅಲ್ಲಿಗೂ ಹೋದವು, ಇಲ್ಲಿಗೂ ಬಂದವು. ರೈತ ಪದದ ಅರಬ್ಬಿ ಮೂಲಕ್ಕೆ ಕುರುಬ ಕಾಯುವ ಮಂದೆ ಎಂಬ ಅರ್ಥವಿತ್ತು. ಬಳಿಕ ಅರಸನ ಪ್ರಜೆ ಎಂದಾಯಿತು. ಇಂಡೋನೇಷ್ಯಾದಲ್ಲಿ ಅದು ಇಡೀ ಜನತೆ, ನಮ್ಮಲ್ಲಿ ಉಳುವವನು. ಎರವಲೆಂದು ರೈತನನ್ನು ಕನ್ನಡದಿಂದ ಒಕ್ಕಲೆಬ್ಬಿಸುತ್ತೀರೇನು?

ಮಣಿಪಾಲದಿಂದ:

ಒಕ್ಕಲಿಗ, ಉಳುವವ, ಆರಂಬಗಾರ ಇದ್ದರಲ್ಲ, ಅವರನ್ನು ಯಾರು ಎಬ್ಬಿಸಿದರು? ಪಟ್ಟವೂ ಸಂಸ್ಕೃತ, ಭದ್ರವೂ ಸಂಸ್ಕೃತ. ನನ್ನ ಮಾತು ಮುಗಿಯಿತು.

ಮಂಗಳೂರಿನಿಂದ:

ಮಾಷ್ಟ್ರೇ, ‘ಪಟ್ಟಭದ್ರರು’ ಹಾಕಿದೆ. ‘ಆರಂಬಗಾರ’ ನನಗೂ ಇಷ್ಟವಾದ ಪದ, ಆದರೆ ಈ ಫಲಕದಲ್ಲಿ ಅದಕ್ಕೆ ಕೆಲಸವಿಲ್ಲ. ‘ರೆಫೊರ್ಮಾಸಿ’ಯನ್ನು ಸುಧಾರಣೆ ಎಂದು ತಿರುಗಿಸದೆ ಹಾಗೆಯೇ ಉಳಿಸಿಕೊಂಡಿದ್ದೇನೆ. ಅಲ್ಲಿ ಅದು ಸುಹಾರ್ತೋ ಇಳಿದ ಮೇಲಿನ ಕಾಲದ ಹೆಸರು.

ಸಂಸತ್ತಿನ ಚಿತ್ರದ ಕೆಳಗೆ ದಿವಾನ, ವಕೀಲ, ರೈತ ಎಂದು ಒಂದು ಸಾಲು ಸೇರಿಸಿದೆ. ಅಂಗಡಿಯ ಹುಡುಗ ಈ ಸಲ ಏನೂ ಕೇಳಲಿಲ್ಲ. ಪರದೆಯ ಮೇಲೆ ‘ರೈತ’ ಎಂಬಲ್ಲಿ ಬೆರಳಿಟ್ಟು, ‘ರಕ್ಯಾತ್’ ಎಂದು ಎರಡು ಬಾರಿ ಹೇಳಿ ನೋಡಿದ. ಫಲಕ ಮುದ್ರಣಕ್ಕೆ ಹೋಯಿತು.