ಕಂಟೇನರ್ 'ಸೀಲ್'ಗೆ ಬೀಗಮುದ್ರೆ ಅನ್ನಬಹುದಾ?

ಗೆಳೆಯರೇ,

ಪೀಣ್ಯದಲ್ಲಿ ಬಟ್ಟೆ ರಫ್ತು ಮಾಡುವ ಕಂಪನಿಯೊಂದರಲ್ಲಿ ನನ್ನ ಕೆಲಸ. ನಮ್ಮ ಮಾಲು ಕಂಟೇನರ್‌ನಲ್ಲಿ ವೈಟ್‌ಫೀಲ್ಡ್ ಡಿಪೋಗೆ ಹೋಗಿ, ಅಲ್ಲಿಂದ ರೈಲಲ್ಲಿ ಚೆನ್ನೈ ಬಂದರು ಸೇರುತ್ತದೆ. ಲೋಡಿಂಗ್ ಹುಡುಗರಿಗೆ, ಡ್ರೈವರ್‌ಗಳಿಗೆ ಅಂತ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. 'ಸೀಲ್' ಹತ್ತಿರ ಬಂದು ನಿಂತಿದೆ.

ಮೊದಲು 'ಬೀಗಮುದ್ರೆ' ಅಂತ ಬರೆದೆ. ಅಂಗಡಿಗೆ ಬೀಗಮುದ್ರೆ ಹಾಕಿದರು ಅಂತ ಪೇಪರಲ್ಲಿ ಓದುತ್ತಲೇ ಇರುತ್ತೇವೆ. ಅದನ್ನು ಓದಿದ ಡ್ರೈವರೊಬ್ಬರು, "ಸಾರ್, ಬೀಗ ಅಂದ್ರೆ ಕೀಲಿ ಯಾರ ಹತ್ರ ಇರುತ್ತೆ?" ಅಂದರು. ಸರಿಯಾದ ಪ್ರಶ್ನೆ. ನಾವು ಕಂಟೇನರ್ ಬಾಗಿಲಿಗೆ ಹಾಕುವ ಬೋಲ್ಟ್ ಸೀಲ್‌ಗೆ ಕೀಲಿಯೇ ಇಲ್ಲ. ಬೆರಳುದ್ದದ ಉಕ್ಕಿನ ಕಡ್ಡಿ, ಅದಕ್ಕೊಂದು ಟೊಪ್ಪಿ, ಎರಡರ ಮೇಲೂ ಒಂದೇ ನಂಬರ್. ಬಾಗಿಲ ಹಿಡಿಕೆಯ ತೂತಿಗೆ ಕಡ್ಡಿ ತೂರಿಸಿ ಟೊಪ್ಪಿ ಒತ್ತಿದರೆ 'ಟಕ್' ಅನ್ನುತ್ತದೆ. ಆಮೇಲೆ ಕತ್ತರಿಸದೆ ಬರುವುದಿಲ್ಲ. ದೊಡ್ಡ ಕಟರ್ ಇದ್ದವನು ಕತ್ತರಿಸಿಯೇ ಬಿಡಬಹುದು. ಆದರೆ ಅದೇ ನಂಬರಿನ ಇನ್ನೊಂದನ್ನು ಎಲ್ಲಿಂದ ತರುತ್ತಾನೆ? ಬಾಗಿಲು ಯಾರೋ ತೆಗೆದಿದ್ದಾರೆ ಅಂತ ಹೇಳುವುದೇ ಇದರ ಮುಖ್ಯ ಕೆಲಸ. 'ಬೀಗ' ಅಂದ ಕೂಡಲೇ ಆ ಅರ್ಥ ಹಿಂದೆ ಸರಿಯುತ್ತದೆ.

ಐಎಸ್‌ಒ 17712 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸೀಲ್‌ಗಳಿಗೆ ಐ, ಎಸ್, ಎಚ್ ಅಂತ ಮೂರು ದರ್ಜೆ. ಬೋಲ್ಟ್ ಸೀಲ್ ಎಚ್ ದರ್ಜೆಯದು, ಎಲ್ಲಕ್ಕಿಂತ ಗಟ್ಟಿ. ಆದರೂ ಮೋಸ ನಡೆಯುತ್ತದೆ. ಒಮ್ಮೆ ನಮ್ಮದೇ ಕಂಟೇನರ್‌ನಲ್ಲಿ ಸೀಲ್ ಮುರಿದಿರಲಿಲ್ಲ, ನಂಬರೂ ಸರಿ ಇತ್ತು, ಒಳಗೆ ಮಾತ್ರ ಪೆಟ್ಟಿಗೆಗಳು ಕಮ್ಮಿ. ಹಿಡಿಕೆಯ ರಿವೆಟ್ ಕಿತ್ತು ಬಾಗಿಲು ತೆಗೆದು, ಮತ್ತೆ ಕೂರಿಸಿ ಬಣ್ಣ ಬಳಿದಿದ್ದರು. ಆ ಒಂದು ರಿವೆಟ್ಟಿನ ಬಣ್ಣ ಮಾತ್ರ ಹೊಸದು. ಹೀಗೆ ತೆಗೆದ ಕಂಟೇನರ್‌ಗೆ ಮಾದಕ ವಸ್ತು ತುಂಬಿ ಕಳಿಸುವವರೂ ಇದ್ದಾರೆ. ಆಗ ಏನೂ ಗೊತ್ತಿಲ್ಲದ, ಮಾಲು ಕಳಿಸಿದ ಕಂಪನಿಯ ತಲೆಗೆ ಬರುತ್ತದೆ. ಅದಕ್ಕೇ ಸೂಚನೆಯಲ್ಲಿ ಸೀಲಿನ ಸಾಲು ಸ್ಪಷ್ಟವಾಗಿರಬೇಕು ಅಂತ ನನಗಿಷ್ಟು ಆಸೆ.

ಪರೀಕ್ಷೆ ಮಾಡುವ ಕ್ರಮಕ್ಕೆ ಕನ್ನಡ ಸಲೀಸಾಗಿ ಒದಗಿತು: ಕಣ್ಣಲ್ಲಿ ನೋಡಿ, ನಂಬರ್ ತಾಳೆ ನೋಡಿ, ಜಗ್ಗಿ ನೋಡಿ, ತಿರುಚಿ ನೋಡಿ. ಯಾರಾದರೂ ಮುಟ್ಟಿ ಕೆಡಿಸಿದ್ದರೆ ಅದಕ್ಕೆ 'ಕೈಯಾಡಿಸಿದ ಗುರುತು' ಅಂದಿದ್ದೇನೆ. ಸರಿ ಅಲ್ವಾ?

'ಮೊಹರು' ಅಂದರೆ ಕಾಗದದ ಮೇಲಿನ ಠಸ್ಸೆ ನೆನಪಾಗುತ್ತದೆ. ಅರ್ಥಕ್ಕೆ ತೀರಾ ಹತ್ತಿರದ್ದು 'ಅರಗಿನ ಮುದ್ರೆ'. ನಮ್ಮಜ್ಜ ಪಾರ್ಸೆಲ್ ಬಂದರೆ ಬಿಚ್ಚುವ ಮೊದಲು ಅರಗು ಒಡೆದಿದೆಯಾ ಅಂತ ತಿರುಗಿಸಿ ನೋಡುತ್ತಿದ್ದರು. ಆದರೆ ಇಲ್ಲಿರುವುದು ಉಕ್ಕು. ಬರೀ 'ಮುದ್ರೆ' ಅಂದರೆ ಸಾಕಾ, 'ಮುದ್ರೆಗೂಟ' ಅಂತ ಹೊಸದಾಗಿ ಕಟ್ಟಲಾ, ಸುಮ್ನೆ 'ಸೀಲು' ಅಂತ ಬಿಡಲಾ?

ಇನ್ನೊಂದು. 'ಭದ್ರತಾ ಬೆದರಿಕೆಗಳು' ಅನ್ನುವ ತಲೆಬರಹ ಹೊಡೆದುಹಾಕಿದೆ. ಬೆದರಿಕೆ ಅಂದರೆ ಯಾರೋ ಬಾಯಿಬಿಟ್ಟು ಹೆದರಿಸಬೇಕು. 'ಅಪಾಯ' ಅಂದರೆ ಪೆಟ್ಟಿಗೆ ಕಾಲ ಮೇಲೆ ಬೀಳುವುದೂ ಸೇರುತ್ತದೆ. ಬೇಕಂತಲೇ ಮಾಡುವ ಕೇಡಿಗೆ ಬೇರೆ ಪದ ಇದೆಯಾ? ಮಂಗಳೂರು ಬಂದರಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಅಲ್ಲಿ ಸೀಲ್‌ಗೆ ಏನಂತಾರೆ ಅಂತಲೂ ದಯವಿಟ್ಟು ತಿಳಿಸಿ.