ನಾಲ್ಕು ಬೆರಳು ಅಗಲಕ್ಕೆ ಎಷ್ಟು ದುಡ್ಡು?

ಗುಂಪು: ಮನೆ ಮಂದಿ, ಧಾರವಾಡ–ಹುಬ್ಬಳ್ಳಿ–ಗದಗ
ಭಾನುವಾರ

ಸಪ್ತಾಪುರ ಕಾಕಾ, 9:12
(ಲಿಂಕ್: ಎಚ್61 ಮದರ್‌ಬೋರ್ಡ್ + ಐ7 3770 ಪ್ರೊಸೆಸರ್ + 16 ಜಿಬಿ ರ‍್ಯಾಮ್, ಮೂರೂ ಸೇರಿ ಕಾಂಬೊ)
ಪುಟ್ಟಿಯ ಕಂಪ್ಯೂಟರಿಗೆ ಇದನ್ನು ಆರ್ಡರ್ ಮಾಡುತ್ತಿದ್ದೇನೆ. ಬೋರ್ಡ್ ಚಿಕ್ಕದು, ಅವಳ ಟೇಬಲ್ ಮೇಲೆ ಕೂರುತ್ತದೆ. ಐ7 ಅಂದ್ರೆ ಎಲ್ಲಕ್ಕಿಂತ ಮೇಲಿನದು ಅಲ್ವಾ?

ಗದಗ ಮಾಮಾ, 9:15
ರೇಟು ಚೆನ್ನಾಗಿದೆ. ತಗೊಂಡು ಬಿಡಿ.

ನಾನು, 9:16
ಕಾಕಾ, ದುಡ್ಡು ಕಟ್ಟಬೇಡಿ. ಅರ್ಧ ಗಂಟೆ ತಡೆಯಿರಿ, ಬರೆಯುತ್ತಿದ್ದೇನೆ.

ನಾನು, 9:38
ಐ7 3770 ಬಂದದ್ದು 2012ರಲ್ಲಿ. ಎಚ್61 ಚಿಪ್‌ಸೆಟ್, ಅಂದ್ರೆ ಬೋರ್ಡಿನ ಮುಖ್ಯ ಚಿಪ್, 2011ರದ್ದು. ಡಬ್ಬಿ ಹೊಸದಿರಬಹುದು, ಚಿಪ್ ಆ ಕಾಲದ್ದೇ. ಅದರ ಸಾಟಾ ಪೋರ್ಟು (ಡಿಸ್ಕ್ ಜೋಡಿಸುವ ಜಾಗ) ಸೆಕೆಂಡಿಗೆ 3 ಗಿಗಾಬಿಟ್‌ಗೆ ನಿಲ್ಲುತ್ತದೆ. ಇವತ್ತಿನ ಸಾದಾ ಸಾಟಾ ಎಸ್‌ಎಸ್‌ಡಿ ಕೂಡ 6ರದ್ದು. ರ‍್ಯಾಮ್ ಹಳೆ ಪೀಳಿಗೆಯ ಡಿಡಿಆರ್3, ಅದೂ 16 ಜಿಬಿಗೆ ಮುಗಿಯಿತು.
ದೊಡ್ಡ ತೊಂದರೆ ಬೇರೆಯೇ ಇದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಪೀಳಿಗೆ ಅಥವಾ ಆಮೇಲಿನದು ಬೇಕು, ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು. ಇದು 3ನೇ ಪೀಳಿಗೆ. ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ಪುಟ್ಟಿ ಈಗಷ್ಟೇ ಬಿಸಿಎ ಸೇರುತ್ತಿದ್ದಾಳೆ. ಮೊದಲ ದಿನವೇ ಹಳತಾದದ್ದನ್ನು ಅವಳಿಗೆ ಯಾಕೆ ಕೊಡಬೇಕು?
ಐ3, ಐ5, ಐ7 ಅನ್ನೋ ಲೆಕ್ಕ ಒಂದೇ ಪೀಳಿಗೆಯೊಳಗೆ ಮಾತ್ರ ನಡೆಯುತ್ತದೆ. 2022ರ ಐ3 12100ರಲ್ಲೂ ಅದೇ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸುವ ಕೆಲಸದ ಸಾಲು) ಇವೆ. ಒಂದೊಂದು ಕೋರೂ ಆ ಐ7ಕ್ಕಿಂತ ಬಹಳ ಜೋರು.

ಸಪ್ತಾಪುರ ಕಾಕಾ, 9:45
ನಮ್ಮ ಆಫೀಸಿನಲ್ಲಿ ಇಂಥದ್ದೇ ಐ7 ಇನ್ನೂ ಓಡುತ್ತಿದೆ. ಒಂದು ದಿನ ನಿಂತಿಲ್ಲ.

ನಾನು, 9:47
ಓಡಲಿ ಕಾಕಾ. ಇದ್ದದ್ದನ್ನು ಓಡಿಸುವುದು ಒಳ್ಳೆಯದೇ. ಲಿನಕ್ಸ್ ಹಾಕಿದರೆ ಇನ್ನೂ ಓಡುತ್ತದೆ. ಆದರೆ ಹೊಸ ದುಡ್ಡು ಕೊಟ್ಟು ಅದನ್ನು ಮನೆಗೆ ತರುವುದು ಬೇಡ.

ಪುಟ್ಟಿ, 9:52
ನನಗೆ ಮಿನಿ ಐಟಿಎಕ್ಸ್ ಅನ್ನೋ ಚಿಕ್ಕ ಸೈಜಿನ ಬೋರ್ಡ್ ಬೇಕು. ಟೇಬಲ್ ಚಿಕ್ಕದು. ಅಪ್ಪ ಹೇಳಿದ ಬೋರ್ಡ್ ಬೇಡ ಅಂದ್ರೂ ಪರವಾಗಿಲ್ಲ, ಚಿಕ್ಕದೇ ಬೇಕು.

ಬೆಂಗಳೂರು ಅಣ್ಣ, 9:58
ಪುಟ್ಟಿ ಸರಿ ಹೇಳಿದಳು. ತಗೊಂಡರೆ ಎಎಂಡಿಯ ಎಎಂ5 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಐಟಿಎಕ್ಸ್ ತಗೊಳ್ಳಿ. ನಾಲ್ಕು ವರ್ಷ ಬಿಟ್ಟು ಪ್ರೊಸೆಸರ್ ಬದಲಿಸಬಹುದು.

ನಾನು, 10:05
ಪುಟ್ಟಿ, ಒಂದು ಕೆಲಸ ಮಾಡು. ಹಳೆ ಪೇಪರಿನಲ್ಲಿ ಎರಡು ಚೌಕ ಕತ್ತರಿಸು. ಒಂದು 17 ಸೆಂಟಿಮೀಟರ್, ಅದು ಮಿನಿ ಐಟಿಎಕ್ಸ್. ಇನ್ನೊಂದು 24.4, ಅದು ಮೈಕ್ರೋ ಎಟಿಎಕ್ಸ್. ಒಂದರ ಮೇಲೊಂದು ಇಟ್ಟು ಫೋಟೋ ಹಾಕು.

ಪುಟ್ಟಿ, 10:21
(ಫೋಟೋ)
ದೊಡ್ಡದು ನನ್ನ ಗೇಣಿಗಿಂತ ಸ್ವಲ್ಪ ಜಾಸ್ತಿ ಇದೆ. ಚಿಕ್ಕದನ್ನು ಮೂಲೆಗೆ ಸೇರಿಸಿಟ್ಟರೆ ಪಕ್ಕದಲ್ಲಿ ನಾಲ್ಕು ಬೆರಳು ಜಾಗ ಉಳಿಯಿತು. ಅಷ್ಟೇನಾ?

ನಾನು, 10:34
ಅಷ್ಟೇ. ಆ ನಾಲ್ಕು ಬೆರಳೂ ಪೂರ್ತಿ ನಿನ್ನ ಟೇಬಲ್ ಮೇಲೆ ಬರುವುದಿಲ್ಲ. ಕ್ಯಾಬಿನೆಟ್ಟಿನೊಳಗೆ ಬೋರ್ಡ್ ಮಲಗಿರುವುದಿಲ್ಲ, ನಿಂತಿರುತ್ತದೆ. 24.4 ಹೋಗುವುದು ಎತ್ತರಕ್ಕೆ. ಟೇಬಲ್ ಹಿಡಿಯುವುದು ಕ್ಯಾಬಿನೆಟ್ಟಿನ ಅಗಲ ಮತ್ತು ಹಿಂದುಮುಂದಿನ ಉದ್ದ. ಕಡಿಮೆ ಬೆಲೆಯ ಮೈಕ್ರೋ ಎಟಿಎಕ್ಸ್ ಬೋರ್ಡುಗಳಲ್ಲಿ ಹಲವು ಆ ಕಡೆಗೆ 20 ಸೆಂಟಿಮೀಟರ್ ಆಸುಪಾಸು ಮಾತ್ರ ಇರುತ್ತವೆ. ಅಂದ್ರೆ ಟೇಬಲ್ ಮೇಲೆ ವ್ಯತ್ಯಾಸ 3 ಸೆಂಟಿಮೀಟರ್.
ಈ 3 ಸೆಂಟಿಮೀಟರಿಗೆ ಎಷ್ಟು ಕಡೆ ದುಡ್ಡು ಹೋಗುತ್ತದೆ ನೋಡು. ಅದೇ ಚಿಪ್‌ಸೆಟ್ಟಿನ ಐಟಿಎಕ್ಸ್ ಬೋರ್ಡಿಗೆ ಸಾಮಾನ್ಯವಾಗಿ ಬೆಲೆ ಜಾಸ್ತಿ. ಪುಟ್ಟ ಕ್ಯಾಬಿನೆಟ್ಟುಗಳಲ್ಲಿ ಬಹಳಷ್ಟಕ್ಕೆ ಚಿಕ್ಕ ಸೈಜಿನ ಎಸ್‌ಎಫ್‌ಎಕ್ಸ್ ಪವರ್ ಸಪ್ಲೈ ಬೇಕು, ಅದೂ ದುಬಾರಿ. ಕೆಟ್ಟರೆ ನಮ್ಮೂರಲ್ಲಿ ಅವತ್ತೇ ಇನ್ನೊಂದು ಸಿಗುವುದು ಕಷ್ಟ. ಸಾದಾ ಎಟಿಎಕ್ಸ್ ಪವರ್ ಸಪ್ಲೈ ಆದರೆ ಯಾವ ಅಂಗಡಿಗೆ ಹೋದರೂ ಇರುತ್ತದೆ. ಐಟಿಎಕ್ಸ್‌ನಲ್ಲಿ ಪಿಸಿಐಇ ಸ್ಲಾಟ್ (ಬೇರೆ ಕಾರ್ಡ್ ಹಾಕುವ ಜಾಗ) ಒಂದೇ. ಏಪ್ರಿಲ್ ಬಿಸಿಲಿನಲ್ಲಿ ಇಕ್ಕಟ್ಟಿನ ಡಬ್ಬಿಯೊಳಗೆ ಗಾಳಿಯೂ ಆಡುವುದಿಲ್ಲ. ನಮ್ಮ ಧೂಳಂತೂ ನಿಮಗೆಲ್ಲ ಗೊತ್ತೇ ಇದೆ.

ಬೆಂಗಳೂರು ಅಣ್ಣ, 10:41
ಸೈಜಿನ ಮಾತು ಒಪ್ಪಿದೆ. ಸಾಕೆಟ್ ಒಪ್ಪಲ್ಲ. ನೀನು ಹೇಳೋ ಐ3 12100ಕ್ಕೆ ಎಚ್610 ಚಿಪ್‌ಸೆಟ್ಟಿನ ಬೋರ್ಡ್ ತಾನೇ? ಅದರ ಎಲ್‌ಜಿಎ 1700 ಸಾಕೆಟ್ಟಿಗೆ 14ನೇ ಪೀಳಿಗೆಯೇ ಕೊನೆ. ಮುಂದೆ ದಾರಿ ಇಲ್ಲ.

ನಾನು, 10:55
ನಿನ್ನ ಮಾತು ನಿಜ. ದುಡ್ಡು ಧಾರಾಳ ಇದ್ದರೆ ನಾನೂ ಎಎಂ5 ಅಂತಲೇ ಹೇಳುತ್ತಿದ್ದೆ. ಆದರೆ ಎಎಂ5ಗೆ ಡಿಡಿಆರ್5 ಬಿಟ್ಟು ಬೇರೆ ರ‍್ಯಾಮ್ ಆಗುವುದಿಲ್ಲ. ಕೇಶ್ವಾಪುರ ಅತ್ತೆಯ ಕೆಟ್ಟ ಡೆಸ್ಕ್‌ಟಾಪಿನಿಂದ ತೆಗೆದ 8 ಜಿಬಿಯ ಎರಡು ಡಿಡಿಆರ್4 ಕಡ್ಡಿ ನನ್ನ ಕಪಾಟಿನಲ್ಲಿವೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಹೇಗೆ ಏರಿದೆ ಅಂತ ನಿನಗೇ ಗೊತ್ತು. ಕೈಯಲ್ಲಿರುವ 16 ಜಿಬಿ ಬಿಟ್ಟು ಹೊಸದು ಕೊಳ್ಳುವುದೇ? ಎಚ್610ರಲ್ಲಿ ಡಿಡಿಆರ್4 ಬೋರ್ಡೂ ಸಿಗುತ್ತದೆ. ಇಂದು ಐ3 ಹಾಕಿ, ಮುಂದೆ ಬೇಕಾದರೆ ಅದೇ ಬೋರ್ಡಿಗೆ 6 ಕೋರಿನ ಐ5 12400 ಹಾಕಬಹುದು. ಬಿಸಿಎ ಮುಗಿಯುವವರೆಗೆ ಅಷ್ಟು ದಾರಿ ಸಾಕು.

ಕೇಶ್ವಾಪುರ ಅತ್ತೆ, 10:58
ಅವನ್ನು ಪುಟ್ಟಿಗೇ ಕೊಡು. ನನಗೇನೂ ಕೊಡಬೇಕಾಗಿಲ್ಲ.

ಸಪ್ತಾಪುರ ಕಾಕಾ, 11:10
ಐ3 12100ಎಫ್ ಅಂತ ಒಂದಿದೆ. ಇನ್ನೂ ಕಡಿಮೆಗೆ ತೋರಿಸುತ್ತಿದೆ.

ನಾನು, 11:11
ಎಫ್ ಬೇಡವೇ ಬೇಡ ಕಾಕಾ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರಿನಲ್ಲಿ ಏನೂ ಕಾಣುವುದಿಲ್ಲ.

ಗದಗ ಮಾಮಾ, 11:20
ಹಾಗಾದ್ರೆ ಆನ್‌ಲೈನ್‌ನಲ್ಲೇ ಎಚ್610 ಹಾಕಿ ಮುಗಿಸಿ. ಅಂಗಡಿಗೆ ಅಲೆಯುವುದೇಕೆ? ಸುಮ್ನೆ ಒಂದು ದಿನ ಹಾಳು.

ನಾನು, 11:42
ಮಾಮಾ, ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ನನಗೇ ಆದದ್ದು ಹೇಳುತ್ತೇನೆ.
ನನ್ನ ಮೊದಲ ಕಂಪ್ಯೂಟರಿಗೆ ಬೋರ್ಡ್ ತರಿಸಿದ್ದೆ. ಪಾರ್ಸೆಲ್ ಬಂದಾಗ ಕೆಲಸದಲ್ಲಿದ್ದೆ, ಡಬ್ಬಿ ಮೂರು ದಿನ ಹಾಗೇ ಇತ್ತು. ಭಾನುವಾರ ತೆರೆದು, ಸಾಕೆಟ್ಟಿನ ಕಪ್ಪು ಮುಚ್ಚಳ ತೆಗೆದೆ. ಇಂಟೆಲ್‌ನಲ್ಲಿ ಪಿನ್ನುಗಳು ಇರುವುದು ಬೋರ್ಡಿನ ಕಡೆಗೆ. ಕೂದಲಿನಷ್ಟು ತೆಳು, ಸಾಲು ಸಾಲು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಎಲ್ಲವೂ ಒಂದೇ ರೀತಿ ಹೊಳೆಯಬೇಕು. ಒಂದು ಮೂಲೆಯಲ್ಲಿ ಒಂದು ಚುಕ್ಕಿ ಕಪ್ಪಾಗಿತ್ತು. ಹತ್ತಿರ ಹೋಗಿ ನೋಡಿದರೆ ಒಂದು ಪಿನ್ ಪಕ್ಕದ ಪಿನ್ನಿನ ಮೇಲೆ ಒರಗಿತ್ತು. ನಾನು ಇನ್ನೂ ಪ್ರೊಸೆಸರ್ ಮುಟ್ಟಿರಲಿಲ್ಲ. ಮಾರಿದವರು ನಂಬಲಿಲ್ಲ. ಬಾಗಿದ ಪಿನ್ನಿಗೆ ವಾರಂಟಿ ಬರುವುದಿಲ್ಲ, ನೀವೇ ಮಾಡಿದ್ದು ಅಂದರು. ನನ್ನ ಹತ್ತಿರ ವಿಡಿಯೋ ಇರಲಿಲ್ಲ. ಮೂರು ತಿಂಗಳು ಕೂಡಿಟ್ಟ ದುಡ್ಡು ಅದು. ಇವತ್ತಿಗೂ ಆ ಬೋರ್ಡ್ ಎಸೆದಿಲ್ಲ.
ಅದಕ್ಕೇ ಹೇಳುವುದು, ಬೋರ್ಡ್ ಒಂದನ್ನಾದರೂ ಕೌಂಟರಿನಲ್ಲಿ ನಿಂತು, ಅವರ ಕಣ್ಣೆದುರು ಮುಚ್ಚಳ ತೆಗೆಸಿ ನೋಡಿಯೇ ತರಬೇಕು. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಬೇಕು. ಆ ಮುಚ್ಚಳವನ್ನೂ ಜೋಪಾನವಾಗಿ ಇಡಬೇಕು, ವಾರಂಟಿಗೆ ಕಳಿಸುವಾಗ ಅದನ್ನು ಹಾಕಿಯೇ ಕಳಿಸಬೇಕು.

ಗದಗ ಮಾಮಾ, 11:50
ಇದು ಗೊತ್ತಿರಲಿಲ್ಲ. ಸರಿ, ಅಂಗಡಿಗೇ ಹೋಗಿ.

ಪುಟ್ಟಿ, 11:54
ವೈಫೈ ಇರುತ್ತಾ ಬೋರ್ಡಿನಲ್ಲಿ?

ನಾನು, 11:56
ಕಡಿಮೆ ಬೆಲೆಯವುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ರೌಟರ್ ಪಕ್ಕದ ಕೋಣೆಯಲ್ಲೇ ಇದೆಯಲ್ಲ, ಕೇಬಲ್ ಎಳೆಯೋಣ. ಗುಡುಗು ಶುರುವಾದರೆ ಆ ಕೇಬಲನ್ನೂ ಕಿತ್ತುಬಿಡು, ಪ್ಲಗ್ ಒಂದನ್ನೇ ಅಲ್ಲ. ಎನ್‌ವಿಎಂಇ ಅನ್ನೋ ವೇಗದ ಎಸ್‌ಎಸ್‌ಡಿ ಹಾಕುವ ಎಂ.2 ಸ್ಲಾಟ್ ಇದೆಯಾ ಅಂತ ಅಂಗಡಿಯಲ್ಲಿ ನಾನು ನೋಡುತ್ತೇನೆ.

ಸಪ್ತಾಪುರ ಕಾಕಾ, 12:03
ಆರ್ಡರ್ ಮಾಡಿಲ್ಲ. ನಾಳೆ ಸಂಜೆ ಚಿಗರಿ ಬಸ್ಸಿಗೆ ಪುಟ್ಟಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಬರುತ್ತೇನೆ. ಅಲ್ಲಿನ ಹೊಸೂರಿನಲ್ಲಿ ಸಿಗು. ಆದರೆ ಎಫ್ ಇಲ್ಲದ್ದಕ್ಕೆ ಎಷ್ಟು ಜಾಸ್ತಿ ಕೊಡಬೇಕು ಅಂತ ಅಲ್ಲೇ ಕೇಳುತ್ತೇನೆ.

ಬೆಂಗಳೂರು ಅಣ್ಣ, 12:05
ಎಎಂ5 ರೇಟನ್ನೂ ಒಂದು ಸಲ ಕೇಳಿ ಬನ್ನಿ.

ನಾನು, 12:06
ಕೇಳೋಣ. ಪುಟ್ಟಿ, ಆ ಎರಡು ಕಾಗದ ಮಡಚಿ ಬ್ಯಾಗಿನಲ್ಲಿ ಇಟ್ಟುಕೋ, ಕ್ಯಾಬಿನೆಟ್ ನೋಡುವಾಗ ಬೇಕು. ಟಾರ್ಚ್ ಮತ್ತು ರ‍್ಯಾಮ್ ನಾನು ತರುತ್ತೇನೆ.