ಮಾರ್ಗನ್ಯಾಟಿಕ್ ಮದುವೆಗೆ ಕನ್ನಡದಲ್ಲಿ ಏನು ಹೇಳೋಣ? (ಸಂಜೆಯೊಳಗೆ ಬೇಕು)

ಗೆಳೆಯರೇ,

ಮೌಂಟ್‌ಬ್ಯಾಟನ್ ಮನೆತನದ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ಜೊತೆಗೆ ವಂಶವೃಕ್ಷದ ಚಿತ್ರ ಇದೆ. ಪುಟ ಸಂಜೆ ಅಚ್ಚಿಗೆ ಹೋಗಬೇಕು.

ವಿಷಯ ಇದು. ನಮ್ಮ ಕೊನೆಯ ಬ್ರಿಟಿಷ್ ವೈಸರಾಯ್‌ ಅವರ ಅಜ್ಜ ಅಲೆಕ್ಸಾಂಡರ್, ಜರ್ಮನಿಯ ಹೆಸ್ಸೆ ಸಂಸ್ಥಾನದ ಗ್ರ್ಯಾಂಡ್ ಡ್ಯೂಕ್‌ ಮನೆಯವನು. ಅವನ ತಂಗಿ ಮರಿಯಾಳನ್ನು ರಷ್ಯಾದ ಯುವರಾಜನಿಗೆ ಕೊಟ್ಟಿದ್ದರು. ಅವಳ ಸಖಿ ಯೂಲಿಯಾ ಹೌಕೆಯನ್ನು ಅಲೆಕ್ಸಾಂಡರ್ 1851ರಲ್ಲಿ ಮದುವೆಯಾದ. ಅವಳು ಸೇನಾಪತಿಯ ಮಗಳೇ, ಆದರೆ ಆಳುವ ಮನೆತನದವಳಲ್ಲ. ಹಾಗಾಗಿ ಗಂಡನ ಅಂತಸ್ತು ಅವಳಿಗೆ ಬರಲಿಲ್ಲ, ಮಕ್ಕಳಿಗೆ ಹೆಸ್ಸೆಯ ಗಾದಿಯ ಮೇಲೆ ಹಕ್ಕೂ ಬರಲಿಲ್ಲ. ಇಂಥ ಮದುವೆಗೇ ಮಾರ್ಗನ್ಯಾಟಿಕ್ ಅನ್ನುವುದು. ಬ್ಯಾಟನ್‌ಬರ್ಗ್ ಎಂಬ ಊರಿನ ಹೆಸರಲ್ಲಿ ಕೌಂಟೆಸ್ ಪದವಿ ಕೊಟ್ಟು ಸಮಾಧಾನ ಮಾಡಿದರು. 1858ರಲ್ಲಿ ಅದು ಪ್ರಿನ್ಸೆಸ್ ಆಯಿತು. ಆ ಬ್ಯಾಟನ್‌ಬರ್ಗೇ 1917ರಲ್ಲಿ ಇಂಗ್ಲೆಂಡಿನಲ್ಲಿ ಮೌಂಟ್‌ಬ್ಯಾಟನ್ ಆದದ್ದು.

ಚಿತ್ರದಲ್ಲಿ ಈ ಮದುವೆಯ ಪಕ್ಕ ಎರಡು ಮೂರು ಪದಕ್ಕಷ್ಟೇ ಜಾಗ. ‘ಅಸಮಾನ ವಿವಾಹ’ ಅಂತ ಹಾಕಿದರೆ ಓದುವವರು ವಯಸ್ಸಿನ ಅಂತರ ಅಂದುಕೊಳ್ಳುತ್ತಾರೆ. ಏನು ಮಾಡಲಿ?
– ಸು.

---

ಸು. ಅವರೇ, ಜರ್ಮನರೇ ಇದನ್ನು ‘ಎಡಗೈ ಮದುವೆ’ ಅನ್ನುತ್ತಾರೆ. ಮದುವೆಯಲ್ಲಿ ವರ ಬಲಗೈ ಬದಲು ಎಡಗೈ ಕೊಡುತ್ತಿದ್ದನಂತೆ. ಎರಡೇ ಪದ, ಅಚ್ಚಗನ್ನಡ. ಹಾಕಿಬಿಡಿ.
– ಗೋ.

---

ಹಾಕಬೇಡಿ. ಎಡಗೈ ಬಲಗೈ ಅಂದರೆ ಈ ನಾಡಿನಲ್ಲಿ ಜಾತಿ. ಓದುಗ ಹೆಸ್ಸೆ ಎಲ್ಲಿದೆ ಅಂತ ಕೇಳುವುದಿಲ್ಲ, ಹುಡುಗಿ ಯಾರ ಪೈಕಿ ಅಂತ ಕೇಳುತ್ತಾನೆ.

‘ಅನುಲೋಮ ವಿವಾಹ’ ಎಂಬ ಮಾತು ಇದ್ದೇ ಇದೆ. ಗಂಡು ಮೇಲಿನವನು, ಹೆಣ್ಣು ಕೆಳಗಿನವಳು, ಮಕ್ಕಳ ಸ್ಥಾನ ಬೇರೆ. ಮತ್ತೇನು ಬೇಕು?
– ವೆಂ.

---

ಜಾತಿ ಬೇಡ ಅಂತ ಹೇಳಿ ವರ್ಣ ತಂದಿರಿ. ಚೆನ್ನಾಗಿದೆ.

ಮೂಲ ನೋಡಿ ಸ್ವಾಮಿ. ಜರ್ಮನ್‌ನಲ್ಲಿ ‘ಮಾರ್ಗನ್’ ಅಂದರೆ ಬೆಳಗು. ಮದುವೆಯ ಮರುದಿನ ಬೆಳಗ್ಗೆ ಗಂಡ ಹೆಂಡತಿಗೆ ಕೊಡುವ ಕೊಡುಗೆ ‘ಮಾರ್ಗನ್‌ಗಾಬೆ’. ಇಂಥ ಮದುವೆಯಲ್ಲಿ ಅವಳಿಗೆ ಸಿಗುವುದು ಅಷ್ಟೇ, ರಾಜ್ಯದಲ್ಲಿ ಪಾಲಿಲ್ಲ. ನಮ್ಮ ಶಾಸನಗಳಲ್ಲಿ ನೆತ್ತರುಗೊಡಗೆ ಇದೆ, ಕೆರೆಗೊಡಗೆ ಇದೆ. ‘ಬೆಳಗುಗೊಡಗೆ ಮದುವೆ’ ಯಾಕಾಗಬಾರದು? ಕನ್ನಡಕ್ಕೆ ಪದ ಕಟ್ಟುವ ಶಕ್ತಿ ಇದೆ. ಕಟ್ಟುವವರಿಗೆ ಮನಸ್ಸಿಲ್ಲ.
– ತಿ.

---

ಬೆಳಗುಗೊಡಗೆ ಅಂದರೆ ಹಾಲಿನ ಪ್ಯಾಕೆಟ್ ಅಂದುಕೊಳ್ಳುತ್ತಾರೆ ಸಾರ್.

‘ಕೂಡಿಕೆ’ ಹೇಗೆ? ಅದೂ ಪೂರ್ತಿ ಮರ್ಯಾದೆ ಇಲ್ಲದ ಮದುವೆಯೇ ಅಲ್ವಾ?
– ಮಂ.

---

ಅಲ್ಲ. ಕೂಡಿಕೆ ಅಂದರೆ ವಿಧವೆಯ ಮರುಮದುವೆ. ಇಲ್ಲಿ ಯಾರೂ ವಿಧವೆಯಲ್ಲ. ಇದು ಚರ್ಚಿನಲ್ಲಿ ನಡೆದ ಸರಿಯಾದ ಮದುವೆ, ಮಕ್ಕಳು ಸಕ್ರಮ. ಇಟ್ಟುಕೊಂಡವಳು ಎಂಬ ವಾಸನೆ ಬರುವ ಯಾವ ಪದವೂ ತಪ್ಪು.

‘ಕೆಳಗಿನವಳು’ ಎಂಬ ವೆಂ. ಅವರ ಮಾತೂ ಅರ್ಧ ಸರಿ. ಇಲ್ಲಿ ಹಣ, ಬಲ ಲೆಕ್ಕಕ್ಕಿಲ್ಲ. ಜರ್ಮನಿಯ ರಾಯ್ಸ್ ಎಂಬ ಮನೆತನ ನೋಡಿ. ಅಂಗೈಯಗಲದ ರಾಜ್ಯ. ಹುಟ್ಟಿದ ಗಂಡುಮಕ್ಕಳಿಗೆಲ್ಲ ಹೈನ್‌ರಿಖ್ ಅಂತಲೇ ಹೆಸರು, ಗುರುತಿಗೆ ಸಂಖ್ಯೆ. ಆ ಮನೆಯ ಎಬರ್ಸ್‌ಡಾರ್ಫ್ ಶಾಖೆಯ 24ನೇ ಹೈನ್‌ರಿಖ್‌ನ ಮಗಳು ಆಗುಸ್ಟಾ. ಅವಳನ್ನು 1777ರಲ್ಲಿ ಕೋಬರ್ಗ್ ಎಂಬ ಆಳುವ ಮನೆತನಕ್ಕೆ ಕೊಟ್ಟರು. ಯಾರೂ ಚಕಾರ ಎತ್ತಲಿಲ್ಲ. ವಿಕ್ಟೋರಿಯಾ ರಾಣಿಗೆ ಅವಳು ತಾಯಿಯ ತಾಯಿ. ರಾಣಿಯ ಗಂಡ ಆಲ್ಬರ್ಟ್‌ಗೆ ತಂದೆಯ ತಾಯಿ.

ಇನ್ನೂ ವಿಚಿತ್ರ ಇದೆ. 1806ರಲ್ಲಿ ಲೈನಿಂಗನ್, ಹೋಹೆನ್‌ಲೋಹೆಯಂಥ ಮನೆತನಗಳ ರಾಜ್ಯವನ್ನು ದೊಡ್ಡ ನೆರೆಯವರು ನುಂಗಿದರು. ಆಳಲು ಏನೂ ಉಳಿಯಲಿಲ್ಲ. ಆದರೆ 1815ರ ಜರ್ಮನ್ ಒಕ್ಕೂಟದ ಒಪ್ಪಂದ ಅವರಿಗೆ ಹುಟ್ಟಿನ ಸಮಾನತೆಯನ್ನು ಉಳಿಸಿಕೊಟ್ಟಿತು. ಆಳುವವರ ಮನೆಗೆ ಹೆಣ್ಣು ಕೊಡಬಹುದು, ತರಬಹುದು. ರಾಜ್ಯ ಕಳೆದುಕೊಂಡವನ ಮಗಳು ನಡೆಯುತ್ತದೆ, ಸೇನಾಪತಿಯ ಮಗಳು ನಡೆಯುವುದಿಲ್ಲ! ಹೋಲಿಕೆ ಬೇಕಾದದ್ದು ಮನೆತನಕ್ಕೆ. ಹಾಗಾಗಿ ‘ಸಾಟಿಯಿಲ್ಲದ ಮದುವೆ’.
– ರಾ.

---

ರಾ. ಅವರೇ, ಇಷ್ಟೆಲ್ಲ ಬರೆದು ಕೊನೆಗೆ ಇದಾ? ‘ಸಾಟಿಯಿಲ್ಲದ’ ಅಂದರೆ ಕನ್ನಡದಲ್ಲಿ ಹೊಗಳಿಕೆ. ಓದುವವರು ಅಭಿನಂದನೆ ಹೇಳುತ್ತಾರೆ.

ಹೆಂಡತಿಗೆ ಪಟ್ಟವಿಲ್ಲ, ಮಕ್ಕಳಿಗೂ ಇಲ್ಲ. ‘ಪಟ್ಟವಿಲ್ಲದ ಮದುವೆ’ ಅನ್ನಿ, ಮುಗಿಯಿತು.
– ಮಂ.

---

ಮುಗಿಯಲಿಲ್ಲ. ಡೆಸ್ಸೌ ಎಂಬಲ್ಲಿ ಅರಸ ಲಿಯೋಪೋಲ್ಡ್ 1698ರಲ್ಲಿ ಔಷಧದಂಗಡಿಯವನ ಮಗಳು ಅನ್ನಾ ಲೂಯಿಸೆಯನ್ನು ಮದುವೆಯಾದ. 1701ರಲ್ಲಿ ಚಕ್ರವರ್ತಿ ಅವಳಿಗೆ ರಾಜಪದವಿ ಕೊಟ್ಟ, ಮಕ್ಕಳಿಗೆ ಪಟ್ಟವೂ ಸಿಕ್ಕಿತು. ಬಾಡೆನ್‌ನಲ್ಲಿ ಅರಸ ಕಾರ್ಲ್ ಫ್ರೀಡ್‌ರಿಖ್ 1787ರಲ್ಲಿ ಇಂಥದೇ ಮದುವೆ ಮಾಡಿಕೊಂಡ. ಮೊದಲ ಹೆಂಡತಿಯ ಕಡೆಯ ಗಂಡು ಸಂತಾನ ಮುಗಿಯುತ್ತಾ ಬಂದಾಗ 1817ರಲ್ಲಿ ಆ ಹೆಂಡತಿಯ ಮಕ್ಕಳೇ ಬೇಕಾದರು. 1830ರಲ್ಲಿ ಅವಳ ಮಗ ಗಾದಿಗೆ ಬಂದ. ಯೂಲಿಯಾಳ ಮಗನೇ 1879ರಲ್ಲಿ ಬಲ್ಗೇರಿಯದ ಅರಸ ಆಗಲಿಲ್ಲವೇ? ಎಲ್ಲಿಯ ಪಟ್ಟವಿಲ್ಲ?

ಸುಮ್ನೆ ‘ಮಾರ್ಗನ್ಯಾಟಿಕ್’ ಅಂತಲೇ ಬಿಡಿ. ಗ್ರ್ಯಾಂಡ್ ಡ್ಯೂಕ್, ಕೌಂಟೆಸ್ ಹಾಗೇ ಬಿಟ್ಟಿದ್ದೀರಿ. ಇದೊಂದಕ್ಕೆ ಏನು ಮಡಿ?
– ವೆಂ.

---

ಬಿಡಿ, ಬಿಡಿ. ಎಲ್ಲವನ್ನೂ ಹಾಗೇ ಬಿಡಿ. ಕಿಟೆಲ್ ಜರ್ಮನಿಯಿಂದ ಬಂದು ಕನ್ನಡ ಪದ ಹೆಕ್ಕಿ 1894ರಲ್ಲಿ ನಿಘಂಟು ಕೊಟ್ಟ. ನಾವು ಕೂತಲ್ಲೇ ಜರ್ಮನ್ ಪದ ಇಳಿಸಿಕೊಳ್ಳೋಣ.
– ತಿ.

---

ಆ ನಿಘಂಟನ್ನು ತೆರೆದು ನೋಡಿದ್ದೀರಾ? ಮರಾಠಿಯಿಂದ ಬಂದದ್ದು, ಹಿಂದೂಸ್ತಾನಿಯಿಂದ ಬಂದದ್ದು ಅಂತ ಗುರುತು ಹಾಕಿ ಸೇರಿಸಿದ್ದಾರೆ. ಹೊರಗೆ ಎಸೆದಿಲ್ಲ. ಜನ ಆಡಿದ್ದನ್ನು ಬರೆದುಕೊಂಡರು, ಜನ ಏನು ಆಡಬೇಕು ಅಂತ ಪಾಠ ಹೇಳಲಿಲ್ಲ.
– ರಾ.

---

ಜನ ‘ಮಾರ್ಗನ್ಯಾಟಿಕ್’ ಅಂತ ಆಡುತ್ತಾರಾ? ಯಾವ ಊರಿನ ಜನ?
– ತಿ.

---

ಎಲ್ಲರಿಗೂ ಥ್ಯಾಂಕ್ಸ್. ಪುಟ ಕಳಿಸಿದೆ. ಮಂ. ಅವರ ಪದಕ್ಕೆ ಸ್ವಲ್ಪ ಸೇರಿಸಿ ‘ಪಟ್ಟದ ಹಕ್ಕಿಲ್ಲದ ಮದುವೆ’ ಅಂತ ಹಾಕಿದ್ದೇನೆ. ಮದುವೆಯ ಹೊತ್ತಿಗೆ ಹಕ್ಕಿರಲಿಲ್ಲ, ಆಮೇಲೆ ಯಾರಾದರೂ ಕೊಟ್ಟರೆ ಅದು ಬೇರೆ ಮಾತು. ಹಾಗಾಗಿ ಡೆಸ್ಸೌ, ಬಾಡೆನ್ ಎರಡಕ್ಕೂ ಹೊಂದುತ್ತದೆ. ಬಲ್ಗೇರಿಯದ್ದು ಹೊರಗಿನ ಪಟ್ಟ, ಹೆಸ್ಸೆಯಿಂದ ಬಂದದ್ದಲ್ಲ. ಲೇಖನದೊಳಗೆ ಒಮ್ಮೆ ‘ಮಾರ್ಗನ್ಯಾಟಿಕ್’ ಬರೆದು ಬೆಳಗಿನ ಕೊಡುಗೆಯ ಕಥೆಯನ್ನೂ ಒಂದು ಸಾಲಿನಲ್ಲಿ ಹೇಳಿದ್ದೇನೆ. ತಿ. ಅವರಿಗೆ ಬೇಜಾರಾಗದಿರಲಿ.
– ಸು.

---

‘ಹಕ್ಕು’ ಅರಬ್ಬಿ ಪದ. ಗಮನಕ್ಕಿರಲಿ.
– ತಿ.